ಡೌಟ್ ಉಂಟೆ, ಅಡಗಂಡಿ

ಹೈದರಾಬಾದಿಗೆ ವರ್ಗವಾಗಿ ಬಂದು ಹನ್ನೊಂದು ದಿನವಾಗಿತ್ತು. ಕೂಕಟ್‌ಪಲ್ಲಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ಎ.ಸಿ. ಗಾಳಿ ನೇರ ನೆತ್ತಿಗೇ ಬಡಿಯುವ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳಿರಬಹುದಾದ ಹುಡುಗಿಯೊಬ್ಬಳು ಎದುರು ನಿಂತು ನಗುನಗುತ್ತಾ, "ಡೌಟ್ ಉಂಟೆ ಅಡಗಂಡಿ ಸಾರ್" ಅಂದಳು.

ನಾನು ಉಡುಪಿ ಕಡೆಯವ. ನಮ್ಮಲ್ಲಿ 'ಉಂಟೆ' ಅಂದರೆ ಇದೆಯೇ ಎಂಬ ಪ್ರಶ್ನೆ. 'ಅಡಗುವುದು' ಅಂದರೆ ಅವಿತುಕೊಳ್ಳುವುದು. ಹಾಗಾಗಿ ಅವಳ ಮಾತು ನನ್ನ ಕಿವಿಗೆ ಬಿದ್ದದ್ದು ಹೀಗೆ: 'ಡೌಟು ಉಂಟೆ? ಹಾಗಾದರೆ ಅಡಗಿಕೊಳ್ಳಿ.' ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ನಾನು ಮಾಡಿಕೊಂಡು ಬಂದದ್ದು ಅದನ್ನೇ. ಬಾಯಿಬಿಟ್ಟು ಹೇಳಿದ ಮೊದಲ ಟ್ರೈನರ್ ಇವಳು, ಅಷ್ಟೆ. ಪ್ರಾಮಾಣಿಕ ಹುಡುಗಿ ಅಂದುಕೊಂಡೆ.

ಇದು 2018ರ ಮಾತು. ನಮ್ಮದು ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಒಂದು. ಯಾವುದು ಅಂತ ಕೇಳಬೇಡಿ, ಪೆನ್ಷನ್ ಇವತ್ತಿಗೂ ಅಲ್ಲಿಂದಲೇ ಬರಬೇಕು. ಐವತ್ತು ದಾಟಿದ ಸಿಬ್ಬಂದಿಗೆ ಮೂರು ದಿನದ ಕಂಪ್ಯೂಟರ್ ತರಬೇತಿ ಎಂದು ಸರ್ಕ್ಯುಲರ್ ಬಂತು. ಎರ್ರಗಡ್ಡದಲ್ಲಿ ನನ್ನ ಬಾಡಿಗೆ ಮನೆ. ಹಿಂದಿನ ವರ್ಷದ ನವೆಂಬರಿನಲ್ಲಷ್ಟೇ ಮೆಟ್ರೋ ಶುರುವಾಗಿತ್ತು. ಭರತ್ ನಗರ, ಮೂಸಾಪೇಟೆ, ಬಾಲಾನಗರ, ಕೂಕಟ್‌ಪಲ್ಲಿ ದಾಟಿ ಐದನೇ ಸ್ಟೇಷನ್ ಕೆ.ಪಿ.ಎಚ್.ಬಿ. ಕಾಲೊನಿ. ಅಲ್ಲಿಳಿದು ಯಾರನ್ನು ದಾರಿ ಕೇಳಿದರೂ ಪಿಲ್ಲರ್ ನಂಬರ್ ಯಾವುದು ಅನ್ನುತ್ತಾರೆ. ಊರಿನಲ್ಲಿ ನಾವು ಅರಳಿಕಟ್ಟೆ, ದೇವಸ್ಥಾನ ಅನ್ನುವ ಹಾಗೆ ಇಲ್ಲಿ ಮೆಟ್ರೋ ಕಂಬವೇ ಗುರುತು. ಕಂಬದ ಮೈತುಂಬ ಹಾಸ್ಟೆಲಿನ ಚೀಟಿ, ಜಾವಾ ಕಲಿಸುವ ಚೀಟಿ, ಪೈಥಾನ್ ಕಲಿಸುವ ಚೀಟಿ. ಒಂದು ಕಡೆ ಜೆ.ಎನ್.ಟಿ.ಯು., ಇನ್ನೊಂದು ಕಡೆ ಮೆಟ್ರೋ ಹತ್ತಿದರೆ ಊರಿಗೆಲ್ಲ ಕೋಚಿಂಗ್ ಕೊಡುವ ಅಮೀರ್‌ಪೇಟೆ. ಇಪ್ಪತ್ತು ವರ್ಷದ ಮಕ್ಕಳು ಬೆನ್ನಿಗೆ ಲ್ಯಾಪ್‌ಟಾಪ್ ಏರಿಸಿ ಇಡ್ಲಿ ಬಂಡಿಯ ಮುಂದೆ ನಿಂತುಕೊಂಡೇ ನುಂಗುತ್ತಿದ್ದರು. ಅವರ ನಡುವೆ ನಾನು ಟಿಫನ್ ಕ್ಯಾರಿಯರ್, ಕೊಡೆ, ಎರಡು ಜೊತೆ ಕನ್ನಡಕ ಹಿಡಿದುಕೊಂಡು ಕಂಪ್ಯೂಟರ್ ಕಲಿಯಲು ಹೊರಟಿದ್ದೆ.

ಕಂಪ್ಯೂಟರಿಗೂ ನನಗೂ ಹಳೇ ಲೆಕ್ಕ ಬಾಕಿಯಿತ್ತು. ಬ್ಯಾಂಕುಗಳಿಗೆ ಯಂತ್ರ ಬರಲಿ ಎಂದು ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ನಾನು ಗುಮಾಸ್ತನಾಗಿ ಸೇರಿದ್ದು 1986ರಲ್ಲಿ. ಸೇರಿದ ವರ್ಷವೇ ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು ಗೇಟಿನಲ್ಲಿ ನಿಂತು ಯಂತ್ರಕ್ಕೆ ಧಿಕ್ಕಾರ ಕೂಗಿದವ ನಾನು. ಆಗ 'ಕಂಪ್ಯೂಟರ್' ಎಂಬ ಶಬ್ದವೇ ಮೈಲಿಗೆ. ಹಾಗಾಗಿ ಕೊನೆಗೆ ಅದು ಬಂದದ್ದು ಎ.ಎಲ್.ಪಿ.ಎಂ. ಎಂಬ ಹೆಸರಿನಲ್ಲಿ, ಅಂದರೆ ಲೆಡ್ಜರ್ ಪೋಸ್ಟಿಂಗ್ ಯಂತ್ರ. ಗಂಡನ ಹೆಸರು ಹೇಳಬಾರದೆಂದು 'ಇವರು' ಅನ್ನುವ ಹಾಗೆ. ಅದನ್ನು ನಡೆಸುವವನಿಗೆ ತಿಂಗಳಿಗಿಷ್ಟು ವಿಶೇಷ ಭತ್ಯೆ ಎಂದು ಗೊತ್ತಾದ ಮೇಲೆ ಧಿಕ್ಕಾರ ನಿಂತು ಸೀನಿಯಾರಿಟಿಯ ಜಗಳ ಶುರುವಾಯಿತು. ಆ ಜಗಳದಲ್ಲೂ ನಾನು ಸೋತೆ. ಅಲ್ಲಿಂದ ಮುಂದೆ ಬಂದ ಪ್ರತಿಯೊಂದು ಯಂತ್ರವನ್ನೂ ಪಕ್ಕದವರ ಹೆಗಲ ಮೇಲಿನಿಂದ ಇಣುಕಿ ನೋಡಿಯೇ ಕಲಿತೆ.

ನಮ್ಮ ತರಗತಿಯಲ್ಲಿ ಹದಿನಾಲ್ಕು ಜನ. ನನ್ನ ಪಕ್ಕದಲ್ಲಿ ಕೂತವರು ಬೇರೆ ಶಾಖೆಯ ಹೆಡ್ ಕ್ಯಾಷಿಯರು. ಐವತ್ತೆಂಟು ವರ್ಷ, ಹಣೆಯಲ್ಲಿ ಕುಂಕುಮ, ಎರಡು ಬೆರಳಿಗೆ ನೋಟೆಣಿಸಿ ಬಂದ ಗಟ್ಟಿ. ಹುಡುಗಿ ಏನು ಕೇಳಿದರೂ ಅವರು, "ನಾಕು ತೆಲೀದಮ್ಮಾ" ಅನ್ನುತ್ತಿದ್ದರು. ನಾಕು ತಿಳಿಯದು ಅಂದರೆ ಒಂದು, ಎರಡು, ಮೂರಾದರೂ ತಿಳಿದಿದೆಯಲ್ಲ, ನನಗಿಂತ ವಾಸಿ ಎಂದು ನಾನು ಅಸೂಯೆಪಟ್ಟೆ. 'ನಾಕು' ಅಂದರೆ 'ನನಗೆ' ಎಂದು ಆಮೇಲೆ ತಿಳಿಯಿತು. ಅದಕ್ಕೂ ದೊಡ್ಡ ಗಾಬರಿ ಕಾದಿತ್ತು. ಹುಡುಗಿ ಹಿಂದಿನಿಂದ ಬಂದು ನನ್ನ ಕೀಬೋರ್ಡಿನತ್ತ ಬೆರಳು ತೋರಿಸಿ, "ಎಂಟರ್ ನೊಕ್ಕಂಡಿ ಸಾರ್" ಅಂದಳು. ನಾನು ಕೇಳಿಸಿಕೊಂಡದ್ದು 'ನೆಕ್ಕಿ' ಎಂದು. ಒಂದು ಕ್ಷಣ ಕೀಬೋರ್ಡನ್ನು ನೋಡಿದೆ. ಅದರ ಸಂದಿಯಲ್ಲಿ ಯಾರೋ ತಿಂದ ಮಿಕ್ಸ್ಚರಿನ ಒಂದು ಓಮಪುಡಿ ಕಡ್ಡಿ ಇತ್ತು. ಸರ್ಕ್ಯುಲರಿನಲ್ಲಿ ಇದು ಇರಲಿಲ್ಲವಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ ಅವಳೇ ಬಗ್ಗಿ ಗುಂಡಿ ಒತ್ತಿ ಮುಂದೆ ಹೋದಳು. ಬದುಕಿದೆ.

ಹುಡುಗಿ ನಮ್ಮನ್ನೆಲ್ಲ ಏನೂ ಬಾರದವರು ಅಂದುಕೊಂಡಿದ್ದಳು. ನಮ್ಮ ಕಷ್ಟ ಅದಲ್ಲ. ನಮಗೆ ಬೇರೆ ಏನೋ ಬಹಳ ಚೆನ್ನಾಗಿ ಬರುತ್ತಿತ್ತು. ನಾನು ಉಡುಪಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಿಗ್ಗೆ ಆರೂವರೆಯ ಬ್ಯಾಚಿನಲ್ಲಿ ಸೀನಿಯರ್ ಪಾಸಾದವ. ಕೀಬೋರ್ಡ್ ನೋಡದೆಯೇ ಹೊಡೆಯಬಲ್ಲೆ. 'ಹೊಡೆಯುವುದು' ಅಂದರೆ ಹೊಡೆಯುವುದೇ. ಮೂರು ಕಾರ್ಬನ್ ಕಾಪಿ ಕೆಳಗೆ ಅಚ್ಚು ಮೂಡಬೇಕಲ್ಲ. ಆದರೆ ಎಷ್ಟೋ ಹಳೆಯ ಟೈಪ್‌ರೈಟರುಗಳಲ್ಲಿ ಒಂದರ ಕೀಲಿಯೇ ಇರುತ್ತಿರಲಿಲ್ಲ ಎಂಬುದು ಈಗಿನವರಿಗೆ ಗೊತ್ತಿಲ್ಲ. ಇಂಗ್ಲಿಷಿನ ಚಿಕ್ಕ 'ಎಲ್' ಹೊಡೆದರೆ ಅದೇ ಒಂದು. ಕಾಗದದ ಮೇಲೆ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎಕ್ಸೆಲಿಗೆ ಮಾತ್ರ ತಿಳಿಯುತ್ತದೆ. ನಾನು ಒಂದು ಸಾವಿರದ ಐನೂರು ಎಂದು ಹೊಡೆದದ್ದನ್ನು ಅದು ಅಂಕಿಯೆಂದೇ ಒಪ್ಪದೆ, ಮದುವೆಮನೆಯಲ್ಲಿ ಕರೆಯದೆ ಬಂದ ನೆಂಟನನ್ನು ನೋಡಿಯೂ ನೋಡದ ಹಾಗೆ ಬಿಟ್ಟು, ಉಳಿದವನ್ನಷ್ಟೇ ಕೂಡಿಸಿತು. ಟೋಟಲ್ ತಪ್ಪು. ಹುಡುಗಿ ಸೂತ್ರ ನೋಡಿದಳು, ಸರಿಯಿತ್ತು. ಅಂಕಿ ನೋಡಿದಳು, ಕಣ್ಣಿಗೆ ಸರಿಯೇ ಇತ್ತು. ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ, "ಸಾರ್, ಇನ್ನೊಮ್ಮೆ ಹೊಡೆಯಿರಿ, ನಾನು ನೋಡುತ್ತೇನೆ" ಎಂದು ಬೆರಳನ್ನೇ ದಿಟ್ಟಿಸಿದಳು. ಆಗ ಸಿಕ್ಕಿಬಿದ್ದೆ.

ಹೆಡ್ ಕ್ಯಾಷಿಯರರ ಸಂಕಟ ಇನ್ನೊಂದು. ಕ್ಯಾಲ್ಕುಲೇಟರಿನಲ್ಲಿ ಏಳು, ಎಂಟು, ಒಂಬತ್ತು ಮೇಲಿನ ಸಾಲಿನಲ್ಲಿರುತ್ತವೆ. ಕೀಬೋರ್ಡಿನ ಬಲಗಡೆಯ ಅಂಕಿಗುಂಡಿಗಳೂ ಹಾಗೆಯೇ. ಅಲ್ಲಿ ಅವರ ಬೆರಳು ಹಾರ್ಮೋನಿಯಂ ನುಡಿಸುವ ಹಾಗೆ ಓಡುತ್ತಿತ್ತು. ಆದರೆ ಮೊಬೈಲಿನಲ್ಲೂ ಎ.ಟಿ.ಎಂ.ನಲ್ಲೂ ಒಂದು, ಎರಡು, ಮೂರು ಮೇಲೆ. ಅಮೆರಿಕದಲ್ಲಿ 1963ರಲ್ಲಿ ಗುಂಡಿ ಒತ್ತುವ ಫೋನು ಬರುವ ಮೊದಲು ಬೆಲ್ ಲ್ಯಾಬ್ಸ್‌ನವರು ಬಗೆಬಗೆಯ ಜೋಡಣೆಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸಿ ಅದನ್ನು ಆರಿಸಿದರಂತೆ. ಕ್ಯಾಲ್ಕುಲೇಟರಿನವರನ್ನು ಒಂದು ಮಾತು ಕೇಳಿದ್ದರೆ ಹೆಡ್ ಕ್ಯಾಷಿಯರರಿಗೆ ತಮ್ಮದೇ ಎ.ಟಿ.ಎಂ. ಕಾರ್ಡು ಮೂರು ಸಲ ಬ್ಲಾಕ್ ಆಗುತ್ತಿರಲಿಲ್ಲ. 1963 ನಾನು ಹುಟ್ಟಿದ ವರ್ಷವೂ ಹೌದು. ತಪ್ಪುಗಳು ಒಟ್ಟಿಗೇ ಬರುತ್ತವೆ.

ಎರಡನೇ ದಿನ ಪಾಸ್‌ವರ್ಡ್ ಪಾಠ. ಎಲ್ಲೂ ಬರೆದಿಡಬಾರದು, ಯಾರಿಗೂ ಹೇಳಬಾರದು, ಎದ್ದು ಹೋಗುವಾಗ ವಿಂಡೋಸ್ ಗುಂಡಿಯ ಜೊತೆ ಎಲ್ ಒತ್ತಿ ಪರದೆಗೆ ಬೀಗ ಹಾಕಬೇಕು ಎಂದೆಲ್ಲ ಹೇಳಿ, ಹುಡುಗಿ ಇದ್ದಕ್ಕಿದ್ದಂತೆ, "ಎಲ್ಲರೂ ಕೀಬೋರ್ಡ್ ತಿರುಗಿಸಿ ಹಿಡಿಯಿರಿ" ಅಂದಳು. ಹಿಂದಿನ ದಿನ ಕೊಟ್ಟ ಹೊಸ ಪಾಸ್‌ವರ್ಡು ಐದು ಕೀಬೋರ್ಡಿನ ಬೆನ್ನಿಗೆ ಅಂಟಿತ್ತು. ಒಂದೇ ರಾತ್ರಿಯಲ್ಲಿ! ಹೆಡ್ ಕ್ಯಾಷಿಯರರ ಚೀಟಿಯಲ್ಲಿ ತೆಲುಗಿನಲ್ಲಿ 'ಪಾತದೇ, ಚಿವರ ಒಕಟಿ' ಎಂದಿತ್ತು. ಹಳೆಯದೇ, ಕೊನೆಗೆ ಒಂದು, ಎಂದರ್ಥ. ನನ್ನ ಪ್ರಕಾರ ಜಗತ್ತಿನಲ್ಲಿ ಅದಕ್ಕಿಂತ ಭದ್ರವಾದ ಚೀಟಿ ಇಲ್ಲ. ಕಳ್ಳನಿಗೆ ಸಿಕ್ಕರೂ ಅವನು ಹಳೆಯದನ್ನು ಎಲ್ಲಿಂದ ತರಬೇಕು? ಹುಡುಗಿ ಒಪ್ಪಲಿಲ್ಲ.

ಅವತ್ತು ಚಹಾದ ಹೊತ್ತಿಗೆ ಹೆಡ್ ಕ್ಯಾಷಿಯರು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, "ನೀವು ಏನನ್ನೂ ಕೇಳುವುದೇ ಇಲ್ಲವಲ್ಲ ಸಾರ್, ಎಲ್ಲ ಬರುತ್ತದಾ?" ಎಂದು ಹಿಂದಿಯಲ್ಲಿ ವಿಚಾರಿಸಿದರು. ಟ್ರೈನರೇ ಅಡಗಿಕೊಳ್ಳಿ ಅಂದಿದ್ದಾಳಲ್ಲ ಎಂದೆ. ಅವರು ನಕ್ಕ ರಭಸಕ್ಕೆ ಬಿಸ್ಕತ್ತು ಮುರಿದು ಚಹಾದಲ್ಲಿ ಮುಳುಗಿತು. ಅಡಗಂಡಿ ಅಂದರೆ ತೆಲುಗಿನಲ್ಲಿ 'ಕೇಳಿ' ಎಂದರ್ಥವಂತೆ. 'ಉಂಟೆ' ಅಂದರೆ 'ಇದ್ದರೆ'. ಡೌಟ್ ಇದ್ದರೆ ಕೇಳಿ.

ಆಯಿತಲ್ಲ, ಇನ್ನು ಕೇಳಬೇಕು. ನನ್ನೊಳಗೆ ಒಂದು ಡೌಟು ಸುಮಾರು ಹದಿನೆಂಟು ವರ್ಷದಿಂದ ಅಡಗಿಕೊಂಡಿತ್ತು. ಹೆಂಡತಿಗೂ ಹೇಳಿದ್ದಿಲ್ಲ. ಕೆಲವು ದಿನ, ಟೈಪು ಮಾಡಿದ ಪತ್ರದ ನಡುವೆ ಬಿಟ್ಟುಹೋದ ಒಂದು ಶಬ್ದ ಸೇರಿಸಲು ಹೋದರೆ, ಹೊಸ ಅಕ್ಷರ ಬಂದ ಹಾಗೆಲ್ಲ ಮುಂದಿನ ಹಳೆಯ ಅಕ್ಷರಗಳು ಒಂದೊಂದಾಗಿ ಮಾಯವಾಗುತ್ತಿದ್ದವು. 'ಮಾನ್ಯರೇ' ಎಂದು ಸೇರಿಸಿದರೆ ಸಾಲದ ಮೊತ್ತವೇ ಹೊರಟುಹೋಗುತ್ತಿತ್ತು. ಕೆಲವು ದಿನ ಹೀಗೆ, ಕೆಲವು ದಿನ ಎಲ್ಲ ಸರಿ. ನಾನು ಇದನ್ನು ಅಮಾವಾಸ್ಯೆಗೂ ತಾಳೆ ಹಾಕಿ ನೋಡಿದ್ದೆ. ಮೂರು ಶಾಖೆಗಳಲ್ಲಿ ಮೂರು ಕೀಬೋರ್ಡ್ ಬದಲಾಯಿಸಿಕೊಂಡಿದ್ದೆ. ಅದೂ ಆಗದಿದ್ದಾಗ ಇಡೀ ಪತ್ರವನ್ನು ಮೊದಲಿನಿಂದ ಹೊಡೆಯುತ್ತಿದ್ದೆ. ಸಂಜೆ ಏಳಾದರೂ ಮೇಜು ಬಿಡದ ನನ್ನನ್ನು ನೋಡಿ ಒಬ್ಬ ಮ್ಯಾನೇಜರು ಸಭೆಯಲ್ಲಿ ಶ್ರದ್ಧೆ ಎಂದರೆ ಇದು ಎಂದು ಹೊಗಳಿದ್ದರು.

ಕೈ ಎತ್ತಿದೆ. ಗಂಟಲು ಸ್ವಲ್ಪ ಕಟ್ಟಿತು. ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಹೇಳಿಕೊಂಡೆ. ಹುಡುಗಿ ನಗಲಿಲ್ಲ. ಕೀಬೋರ್ಡಿನ ಬಲಗಡೆ, ಡಿಲೀಟ್ ಗುಂಡಿಯ ತಲೆಯ ಮೇಲೆ ಕೂತಿದ್ದ ಇನ್ಸರ್ಟ್ ಎಂಬ ಗುಂಡಿಯನ್ನು ತೋರಿಸಿದಳು. ಡಿಲೀಟ್ ಒತ್ತಲು ಹೋದ ಬೆರಳು ತಪ್ಪಿ ಅದಕ್ಕೆ ತಾಗಿದರೆ, ಹೊಸ ಅಕ್ಷರ ಹಳೆಯದನ್ನು ಪಕ್ಕಕ್ಕೆ ಸರಿಸುವ ಬದಲು ಅದರ ಮೇಲೆಯೇ ಕೂರುತ್ತದೆ. ಇನ್ನೊಮ್ಮೆ ಒತ್ತಿದರೆ ಸರಿ. ಹದಿನೆಂಟು ವರ್ಷದ ರೋಗಕ್ಕೆ ಒಂದು ಗುಂಡಿ. ನಾನು ತಲೆ ತಗ್ಗಿಸಿ ಕೂತೆ. ಆಗ ಹಿಂದಿನ ಬೆಂಚಿನಿಂದ ಒಬ್ಬರು, ಕಿಟಕಿಯ ಪಕ್ಕದಿಂದ ಇಬ್ಬರು, ಕೊನೆಗೆ ಹೆಡ್ ಕ್ಯಾಷಿಯರೂ, "ಅಮ್ಮಾ, ಅದನ್ನು ಇನ್ನೊಮ್ಮೆ ತೋರಿಸು" ಅಂದರು. ಹದಿನಾಲ್ಕರಲ್ಲಿ ಐದು ಜನರನ್ನು ಆ ಗುಂಡಿ ಕಾಡಿತ್ತು. ಐದು ಜನವೂ ಅಡಗಿದ್ದರು.

ಅಲ್ಲಿಂದ ಮುಂದೆ ಹುಡುಗಿಗೆ ಊಟಕ್ಕೂ ಪುರುಸೊತ್ತಾಗಲಿಲ್ಲ. ಸೊನ್ನೆಯಿಂದ ಶುರುವಾಗುವ ಅಂಕಿ ಬರೆದರೆ ಸೊನ್ನೆ ಯಾಕೆ ಹಾರಿಹೋಗುತ್ತದೆ? ಅಂಕಿಗುಂಡಿಗಳು ಒಮ್ಮೊಮ್ಮೆ ಯಾಕೆ ಸತ್ತುಹೋಗುತ್ತವೆ? ನಮ್‌ಲಾಕ್ ಆರಿದ್ದರೆ ಹಾಗೆ. ಅಳಿಸಿದ್ದು ವಾಪಸ್ ಬರುತ್ತದೆಯೇ? ಕಂಟ್ರೋಲ್ ಝಡ್. ಇದನ್ನು ಕೇಳಿ ಒಬ್ಬರು ಬಾಯಿ ತೆರೆದುಕೊಂಡು ಕೂತುಬಿಟ್ಟರು. ಅವರು ಎಷ್ಟು ವರ್ಷದಲ್ಲಿ ಎಷ್ಟು ಅಳಿಸಿಕೊಂಡಿದ್ದರೋ.

ಮೂರನೇ ದಿನ ಹುಡುಗಿ ಅಭ್ಯಾಸಕ್ಕೆಂದು ತಾನೇ ಹುಟ್ಟಿಸಿದ ಹದಿನಾರಂಕಿಯ ಕಾರ್ಡ್ ನಂಬರುಗಳ ಪಟ್ಟಿಯೊಂದನ್ನು ಪರದೆಯ ಮೇಲೆ ತೆರೆದಳು. ನಲವತ್ತು ಸಾಲು. ಬಣ್ಣ ಬಳಿಯುವುದು, ಸಾಲು ಹಿಗ್ಗಿಸುವುದು ತೋರಿಸುತ್ತಿದ್ದಳು. ಹೆಡ್ ಕ್ಯಾಷಿಯರು ಕನ್ನಡಕ ಮೇಲೇರಿಸಿ, ಬೆರಳನ್ನು ಗಾಳಿಯಲ್ಲಿ ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರು. ಲೆಡ್ಜರಿನ ಕಾಲಂ ನೋಡುವವರು ಹಾಗೆಯೇ ನೋಡುವುದು, ಅಡ್ಡಕ್ಕಲ್ಲ. ಆಮೇಲೆ ಮೆಲ್ಲಗೆ, "ಅನ್ನಿಟಿಕೀ ಚಿವರ ಸುನ್ನಾ ಏಂಟಮ್ಮಾ?" ಅಂದರು. ಎಲ್ಲದಕ್ಕೂ ಕೊನೆಯಲ್ಲಿ ಸೊನ್ನೆ ಯಾಕಮ್ಮಾ ಎಂದು.

ಹುಡುಗಿ ತಿರುಗಿ ನೋಡಿದಳು. ನಲವತ್ತಕ್ಕೆ ನಲವತ್ತೂ ಸೊನ್ನೆ. ಎಕ್ಸೆಲ್ ಒಂದು ಅಂಕಿಯಲ್ಲಿ ಹದಿನೈದು ಸ್ಥಾನವನ್ನಷ್ಟೇ ನೆನಪಿಡುತ್ತದೆ. ಹದಿನಾರನೆಯದನ್ನು ಹೇಳದೆ ಕೇಳದೆ ಸೊನ್ನೆ ಮಾಡಿಬಿಡುತ್ತದೆ. ಕಾರ್ಡಿನಲ್ಲಿ ಆ ಕೊನೆಯ ಅಂಕಿಯೇ ಕಾವಲುಗಾರ. ಮೊದಲಿನ ಹದಿನೈದನ್ನೂ ಲೆಕ್ಕ ಹಾಕಿ ತೆಗೆದ ಅಂಕಿ ಅದು. ಐ.ಬಿ.ಎಂ.ನ ಹಾನ್ಸ್ ಪೀಟರ್ ಲೂನ್ ಎಂಬಾತನಿಗೆ ಆ ಲೆಕ್ಕಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತ್ತು. ಕಾವಲುಗಾರನನ್ನೇ ಎಕ್ಸೆಲ್ ಮನೆಗೆ ಕಳಿಸಿತ್ತು. ಅಂಕಿಯ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ ಬರೆದರೆ ಅದು ಲೆಕ್ಕದ ಗೋಜಿಗೆ ಹೋಗದೆ ಇದ್ದದ್ದನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತದೆ ಎಂದು ಹುಡುಗಿ ಆಮೇಲೆ ತೋರಿಸಿಕೊಟ್ಟಳು. ಆದರೆ ಅದಕ್ಕೆ ಮೊದಲು ಅವಳು ಹೇಳಿದ್ದು, "ಇಷ್ಟು ಬ್ಯಾಚಿಗೆ ಈ ಪಟ್ಟಿ ತೋರಿಸಿದ್ದೇನೆ ಸಾರ್, ಯಾರೂ ಹೇಳಲಿಲ್ಲ." ಹೆಡ್ ಕ್ಯಾಷಿಯರು, "ಪರ್ವಾಲೇದಮ್ಮಾ" ಎಂದು ಕನ್ನಡಕ ಇಳಿಸಿಕೊಂಡರು. ಹುಡುಗಿ ಸಂಜೆಯವರೆಗೆ ಅವರನ್ನು 'ಸಾರ್' ಅನ್ನಲಿಲ್ಲ, 'ಗುರೂಗಾರು' ಅಂದಳು.

ನಾನು 2023ರಲ್ಲಿ ನಿವೃತ್ತನಾಗಿ ಊರಿಗೆ ಬಂದೆ. ಹೆಡ್ ಕ್ಯಾಷಿಯರು ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ, ಮೊದಲ ಮಾತೇ "ಡೌಟ್ ಉಂದಾ ಸಾರ್?" ಮೊನ್ನೆ ಇಲ್ಲಿಯ ಒಂದು ಕಚೇರಿಗೆ ಹೋದಾಗ, ನಿವೃತ್ತಿಗೆ ಒಂದೆರಡು ವರ್ಷ ಇರಬಹುದಾದ ಗುಮಾಸ್ತರೊಬ್ಬರು ನನ್ನ ಅರ್ಜಿಯನ್ನು ಟೈಪು ಮಾಡುತ್ತಾ ಮಾಡುತ್ತಾ ನಿಲ್ಲಿಸಿ, ಆಚೀಚೆ ನೋಡಿ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಿದರು. ಅವರ ಮುಖದಲ್ಲಿದ್ದ ಕಳೆ ನನಗೆ ಚೆನ್ನಾಗಿ ಗೊತ್ತು.

ನಿಮ್ಮಲ್ಲೂ ಅಕ್ಷರ ಅಕ್ಷರವನ್ನು ನುಂಗುತ್ತಿದ್ದರೆ ಕೀಬೋರ್ಡ್ ಬದಲಾಯಿಸಬೇಡಿ ಮಾರಾಯ್ರೆ. ಬಲಗಡೆ, ಡಿಲೀಟಿನ ಮೇಲೆ, ಇನ್ಸರ್ಟ್ ಎಂದು ಒಂದು ಗುಂಡಿ ಉಂಟು. ಒಮ್ಮೆ ನೊಕ್ಕಿ.