ತ್ರಿವರ್ಣಗಳ ವೈಮನಸ್ಯ

1980ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯಿಂದ ಅವತರಿಸಿದ ವಿಡಿಯೋ ಆಟದ ನಾಯಕ ಪ್ಯಾಕ್‌ಮ್ಯಾನನು ಹಳದಿ ಮೈಯವನೆಂದು ಲೋಕವೆಲ್ಲ ನಂಬಿದೆಯಾದರೂ, ಅವನ ನಿವಾಸವಾದ ಹಳೆಯ ಗಾಜಿನ ಕೊಳವೆಯ ಮಾನಿಟರಿನಲ್ಲಿ ಹಳದಿಯೆಂಬ ಬಣ್ಣವೇ ಇಲ್ಲ. ಕೆಂಪು, ಹಸಿರು, ನೀಲಿಗಳ ಹೊಣೆ ಹೊತ್ತ ಮೂರು ಎಲೆಕ್ಟ್ರಾನ್ ಕಿರಣಗಳಲ್ಲಿ ಮೊದಲಿನೆರಡು ಒಂದೇ ತಾಣದಲ್ಲಿ ಸಂಗಮಿಸಿದಾಗ ನಮ್ಮ ಕಣ್ಣು ಹಾಗೆ ಭ್ರಮಿಸುತ್ತದೆ, ಅಷ್ಟೆ. ಅವೆರಡರಲ್ಲಿ ವೈಮನಸ್ಯ ಹುಟ್ಟಿತೋ, ಒಂದು ಅಂಚು ಕೆಂಪೇರಿ, ಇನ್ನೊಂದು ಹಸಿರಾಗಿ, ನಾಯಕನ ಆರೋಗ್ಯದ ವಿಷಯದಲ್ಲಿ ನೋಡುವವರಿಗೇ ಕಳವಳವಾಗುತ್ತದೆ. ಅವನ ಬೆನ್ನಟ್ಟುವ ಕೆಂಪು ಭೂತಕ್ಕಾದರೋ, ಕಣ್ಣುಗಳ ಹೊರತು ಮೈಯೆಲ್ಲ ಏಕವರ್ಣವಾದ ಕಾರಣ, ಕೂದಲೂ ಕೊಂಕುವುದಿಲ್ಲ. ದುಷ್ಟರ ಅದೃಷ್ಟವೇ ಹಾಗೆ!

ಚಿಕಿತ್ಸೆ ಕೊಳವೆಯ ಕುತ್ತಿಗೆಯಲ್ಲಿದೆ. ಅಲ್ಲಿ ತೊಡಿಸಿದ ಅಯಸ್ಕಾಂತದ ಬಳೆಗಳಲ್ಲಿ ನಾಲ್ಕು ಧ್ರುವದ ಜೋಡಿಯು ಕೆಂಪು ನೀಲಿಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ ಸರಿಸಿ ಒಂದುಗೂಡಿಸಿದರೆ, ಆರು ಧ್ರುವದ ಜೋಡಿಯು ಅವೆರಡನ್ನೂ ಒಟ್ಟಿಗೆ ಕರೆತಂದು, ನಡುವೆ ಗಂಭೀರವಾಗಿ ಕುಳಿತ ಹಸಿರಿನೊಡನೆ ಸೇರಿಸುತ್ತದೆ. ಮಧ್ಯಭಾಗ ರಾಜಿಯಾದರೂ ಮೂಲೆಗಳು ಒಪ್ಪಬೇಕಲ್ಲ! ಅದಕ್ಕಾಗಿ ಕಿರಣಗಳನ್ನು ತೆರೆಯುದ್ದಕ್ಕೂ ಓಡಿಸುವ ಸುರುಳಿಯ ನೊಗವನ್ನು ಕೊಂಚ ಓರೆಮಾಡಿ ರಬ್ಬರಿನ ಬೆಣೆಗಳನ್ನು ತುರುಕಬೇಕು. ಇದೆಲ್ಲವೂ ಆಟದ ಪೆಟ್ಟಿಗೆಯ ಹಿಂದೆ, ಸಾವಿರಾರು ವೋಲ್ಟುಗಳ ಸನ್ನಿಧಿಯಲ್ಲಿ, ಎದುರಿಗಿಟ್ಟ ಕನ್ನಡಿಯಲ್ಲಿ ತೆರೆಯನ್ನು ನೋಡುತ್ತ ನಡೆಯತಕ್ಕ ಕಾರ್ಯ. ಅನುಭವವಿಲ್ಲದವರು ಕೈಯಿಡದಿರುವುದೇ ಕ್ಷೇಮ.

ವಾಸ್ತುಶಾಸ್ತ್ರವನ್ನು ಒಪ್ಪದವರೂ ಇಲ್ಲಿ ಸ್ವಲ್ಪ ಬಗ್ಗಲೇಬೇಕು: ಪೂರ್ವಾಭಿಮುಖವಾಗಿದ್ದ ಪೆಟ್ಟಿಗೆಯನ್ನು ದಕ್ಷಿಣಕ್ಕೆ ತಿರುಗಿಸಿದರೆ ಭೂಮಿಯ ಕಾಂತಕ್ಷೇತ್ರವು ಕಿರಣಗಳನ್ನು ತುಸು ಬಾಗಿಸಿ, ತೆರೆಯ ಮೇಲೆ ಬಣ್ಣದ ಕಲೆಗಳನ್ನು ಮೂಡಿಸಬಹುದು. ಆಗ ಕಾಂತತೆಯನ್ನು ನೀಗಿಸುವ ಸುರುಳಿಯನ್ನು ಆರತಿಯಂತೆ ತೆರೆಯ ಮುಂದೆ ಸುತ್ತಿಸಿ, ಮೆಲ್ಲನೆ ಹಿಂದೆ ಸರಿದ ಮೇಲೆಯೇ ಸ್ವಿಚ್ಚು ಆರಿಸತಕ್ಕದ್ದು.