ಕುಂಟಬಿಲ್ಲೆ ದಾರಿ

ನಮ್ಮ ಗೇಟಿನಿಂದ ಹಿತ್ತಲ ನಲ್ಲಿಗೆ 22 ಅಡಿ. ತಾತನ ಕಾಲದಿಂದಲೂ ಎಲ್ಲರೂ ಅಲ್ಲಿ ಸುಮ್ಮನೆ ನಡೆದುಕೊಂಡು ಹೋಗುತ್ತಿದ್ದರು. ನನಗದು ಸರಿಕಾಣಲಿಲ್ಲ. ಜಪಾನಿನ ಚಹಾಮನೆಗಳ ಕೈತೋಟಗಳಲ್ಲಿ ಹೆಜ್ಜೆಗೊಂದು ಕಲ್ಲು ಹೂತಿರುತ್ತಾರೆ, ಅದಕ್ಕೆ ‘ತೋಬಿ ಇಶಿ’ ಅಂತ ಹೆಸರು ಎಂದು ಓದಿಬಿಟ್ಟಿದ್ದೆ. ಚಹಾಗುರು ಸೆನ್ ನೊ ರಿಕ್ಯು ಕಲ್ಲು ಹಾಕಿಸುವಾಗ ಆರು ಪಾಲು ನಡಿಗೆಗೆ, ನಾಲ್ಕು ಪಾಲು ನೋಟಕ್ಕೆ ಅನ್ನುತ್ತಿದ್ದನಂತೆ. ನಾನು ಹತ್ತಕ್ಕೆ ಹತ್ತನ್ನೂ ಎದುರುಮನೆಯವರ ನೋಟಕ್ಕೇ ಬಿಟ್ಟೆ.

ಶಹಾಬಾದ್ ಕಲ್ಲು ಬಂತು. “ನಡುವಿಂದ ನಡುವಿಗೆ ಎರಡಡಿ ಒಳಗೇ ಇರ್ಲಿ ಸಾರ್, ಮನೇಲಿ ಅಜ್ಜಿ ಇದಾರೆ. ಕೆಳಗೆ ಜಲ್ಲಿಪುಡಿ ಹಾಸಿ ದಮ್ಮಸ್ಸು ಮಾಡ್ಬೇಕು” ಅಂದರು ಗಾರೆಯವರು. ನನ್ನ ನಡಿಗೆಯ ಅಳತೆಗೇ ಕಲ್ಲು ಹಾಕಿ ಎಂದು ಪಂಚೆ ಎತ್ತಿಕಟ್ಟಿ ನಡೆದು ತೋರಿಸಿದೆ. ಕಾಂಪೌಂಡಿನಾಚೆ ನಾಲ್ಕು ಜನ ನೋಡುತ್ತಿದ್ದರಲ್ಲ, ಎದೆ ಉಬ್ಬಿತು, ಹೆಜ್ಜೆಯೂ ಉದ್ದವಾಯಿತು. ಗಣರಾಜ್ಯೋತ್ಸವದ ಕವಾಯತಿನಂತೆ 30 ಇಂಚಿಗೊಂದು ಕಲ್ಲು ಕೂತಿತು. ಜಲ್ಲಿಪುಡಿಯ ದುಡ್ಡು ಉಳಿಸಿದೆ.

“ಏನೋ ಇದು, ಕುಂಟಬಿಲ್ಲೆ ಆಡೋಕಾ?” ಅಂದರು ಅಮ್ಮ. ಸೆರಗು ಸಿಕ್ಕಿಸಿಕೊಂಡು ಮೊದಲ ಕಲ್ಲಿಗೆ ಕಾಲಿಟ್ಟು, ಎರಡನೆಯದನ್ನು ಹೊಳೆಯಾಚೆಯ ದಡದಂತೆ ನೋಡಿ, ಪಕ್ಕದ ಮಣ್ಣಿಗಿಳಿದು ಹೊರಟೇಹೋದರು.

ಸಂದಿಗೆಂದು ನರ್ಸರಿಯಿಂದ ತಂದ ಮೊಂಡೊ ಹುಲ್ಲು ಏಪ್ರಿಲ್ ಬಿಸಿಲಿಗೆ ಪೊರಕೆಯಾಯಿತು. ಅಮ್ಮ ನಲ್ಲಿಯ ಹತ್ತಿರ ನೆಟ್ಟ ಒಂದೆಲಗ ಮಾತ್ರ ಒದ್ದೆ ನೆಲ ಹಿಡಿದು ಹಬ್ಬಿತು. ನನ್ನ ವಿನ್ಯಾಸ ಅಡಿಗೆಮನೆಗೆ ಹೋಗಿ ತಂಬುಳಿಯಾಗಿ ಬಂತು. ಚೆನ್ನಾಗಿತ್ತು ಅನ್ನಲೇಬೇಕು.

ಮೊದಲ ಮಳೆ ಬಿದ್ದ ಮಾರನೆಯ ದಿನ ಬೀಗರು ಬಂದರು. ಬಿಳಿ ಪಂಚೆ, ಹೊಸ ಜರಿ ಅಂಚು. ಕಾಲು ತೊಳೆಯಲು ಹಿತ್ತಲಿಗೆ ಹೊರಟವರನ್ನು “ಮಣ್ಣಲ್ಲಿ ಬೇಡಿ, ಕಲ್ಲಿನ ಮೇಲೇ ಬನ್ನಿ” ಎಂದು ಕರೆದೆ. ನಾಲ್ಕನೇ ಕಲ್ಲಿನ ಈ ಅಂಚಿಗೆ ಅವರು ಕಾಲಿಟ್ಟರು, ಆ ಅಂಚು ಎದ್ದಿತು. ಅಡಿಯಲ್ಲಿ ನಿಂತಿದ್ದ ಕೆಸರು ‘ಪಿಚಕ್’ ಎಂದು ಮೊಣಕಾಲು ದಾಟಿ ತೊಡೆಯವರೆಗೆ ಹಾರಿತು. ಕಾಲು ತೊಳೆಯಲು ಬಂದವರು ಪಂಚೆ ತೊಳೆದುಕೊಂಡರು.

“ಜಪಾನಲ್ಲೂ ಹೀಗೇನಾ?” ಅಂತ ಬಹಳ ಮರ್ಯಾದೆಯಿಂದಲೇ ಕೇಳಿದರು.

ಈಗ ಕಲ್ಲುಗಳ ಪಕ್ಕದಲ್ಲೇ ಅಮ್ಮ, ಹಾಲಿನವನು, ಬೀಗರು ಎಲ್ಲರೂ ತುಳಿದು ಮಾಡಿದ ನುಣುಪಾದ ಕಾಲುದಾರಿಯಿದೆ. ಕಲ್ಲಿನ ಮೇಲೆ ಬೀದಿಯ ಹುಡುಗಿಯರು ಸಂಜೆ ಕುಂಟಬಿಲ್ಲೆ ಆಡುತ್ತಾರೆ. ಎದುರುಮನೆಯವರು ಬಾಗಿಲಲ್ಲಿ ನಿಂತಿದ್ದರೆ ನಾನೂ ಕಲ್ಲಿನ ಮೇಲೇ ಹೋಗುತ್ತೇನೆ, ನಾಲ್ಕನೆಯದನ್ನು ಹಾರಿ.