ಅಜ್ಜಿ ಪರದೆ ಜತೆ ಮಾತಾಡಿದರೆ ಪಾಸು

ಪಕ್ಕದ ಮನೆ ಮೇಷ್ಟ್ರು ಮೊನ್ನೆ ಬೆಳಿಗ್ಗೆ ದಾಸವಾಳದ ಗಿಡಕ್ಕೆ ನೀರು ಬಿಡ್ತಾ ಬಿಡ್ತಾ ಕಾಂಪೌಂಡಿಗೆ ಒರಗಿಕೊಂಡರು. ಅವರು ಒರಗಿದರು ಅಂದರೆ ಇನ್ನು ಪೈಪಿನ ನೀರು ನಮ್ಮ ಅಂಗಳಕ್ಕೆ ಅಂತಲೇ ಲೆಕ್ಕ. "ಅಲ್ರೀ, ದಸರಾ ರಜಕ್ಕೆ ಮಗಳ ಮನೆಯವರೆಲ್ಲ ಬರ್ತಿದ್ದಾರೆ. ಎಲ್ಲರೂ ಒಟ್ಟಿಗೆ ಕೂತು ನೋಡೋ ಅಂಥ ಸಾಹಸದ ಸಿನಿಮಾ ಒಂದು ಹೇಳಿ ನೋಡೋಣ. ಮೊಮ್ಮಗನಿಗೆ ಏಳು, ಮೊಮ್ಮಗಳಿಗೆ ಹದಿಮೂರು, ನನಗೆ ಎಪ್ಪತ್ತೆರಡು."

ಸೆನ್ಸಾರಿನವರು 2024ರಲ್ಲಿ ಯುಎ ಸರ್ಟಿಫಿಕೇಟನ್ನು ಏಳು, ಹದಿಮೂರು, ಹದಿನಾರು ಅಂತ ಮೂರು ಹೋಳು ಮಾಡಿದರಲ್ಲ, ಮೊದಲ ಎರಡು ಹೋಳು ಮೇಷ್ಟ್ರ ಮನೆಗೇ ಅಳತೆ ತಗೊಂಡು ಹೊಲಿಸಿದ ಹಾಗಿದೆ. ಎಪ್ಪತ್ತೆರಡಕ್ಕೆ ಮಾತ್ರ ಏನೂ ಬರೆದಿಲ್ಲ. ಕಷ್ಟ ಇರೋದೇ ಅಲ್ಲಿ, ಅಲ್ವಾ? ಮಕ್ಕಳು ಏನನ್ನಾದರೂ ನೋಡುತ್ತವೆ. ಹಿರಿಯರು ಹತ್ತು ನಿಮಿಷಕ್ಕೆ ಎದ್ದು "ಹಾಲು ಉಕ್ಕೀತು" ಅಂತ ಒಳಗೆ ಹೋದರೆ ಅಲ್ಲಿಗೆ ಮುಗೀತು. ಹಾಲೇನೂ ಒಲೆ ಮೇಲೆ ಇರೋದಿಲ್ಲ.

ನಮ್ಮ ಮನೇಲಿ ಸರ್ಟಿಫಿಕೇಟ್ ಕೊಡೋ ಇಲಾಖೆ ಅಜ್ಜಿಯದಾಗಿತ್ತು. ಅವರು ನಿದ್ದೆ ಮಾಡಿದರೆ ಸಿನಿಮಾ ಫೇಲು, ಜಪಮಣಿ ತೆಗೆದರೆ ಜಸ್ಟ್ ಪಾಸು, ಪರದೆ ಜತೆ ಮಾತಾಡೋಕೆ ಶುರು ಮಾಡಿದರೆ ಫಸ್ಟ್ ಕ್ಲಾಸು. ನನಗೆ ಇವತ್ತಿಗೂ ಅದಕ್ಕಿಂತ ಒಳ್ಳೆ ಅಳತೆಗೋಲು ಸಿಕ್ಕಿಲ್ಲ.

ಜುರಾಸಿಕ್ ಪಾರ್ಕ್ 1993ರದ್ದು. ನಮ್ಮ ಕಡೆ ಬರೋ ಹೊತ್ತಿಗೆ 1994, ಅದೂ ಹಿಂದಿ ಮಾತು ಹಚ್ಚಿಕೊಂಡು. ಕನ್ನಡಕ್ಕೆ ಡಬ್ಬಿಂಗ್ ಅನ್ನೋ ಮಾತೇ ಆಗ ಇರಲಿಲ್ಲ ಬಿಡಿ. ಅಜ್ಜಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. ಹಾಗಾಗಿ ಚಿಕ್ಕಪ್ಪ ಪಕ್ಕದಲ್ಲಿ ದುಭಾಷಿಯಾಗಿ ಕೂತರು. ಅವರ ಅನುವಾದವೋ ದೇವರೇ ಗತಿ. ವಿಜ್ಞಾನಿಗಳು ಡಿಎನ್‌ಎ ಬಗ್ಗೆ ಐದು ನಿಮಿಷ ಮಾತಾಡಿದರೆ ಇವರು "ಸೊಳ್ಳೆ ವಿಷಯ, ನಿನಗೆ ಬೇಡ" ಅಂತ ಮುಗಿಸಿಬಿಡೋರು. ಅಜ್ಜಿ ಬಿಡ್ತಾರಾ? "ಸೊಳ್ಳೆಯಿಂದ ಇಷ್ಟೆಲ್ಲಾ ಆಗುತ್ತೆ ಅಂತ ನಾನು ಹೇಳಿದ್ದಾಗ ಯಾರಾದ್ರೂ ಪರದೆ ಕಟ್ಟಿದ್ರೇನೋ?" ಅಂದರು. ಆ ಪರದೆ ಬೇರೆ, ಸೊಳ್ಳೆ ಪರದೆ.

ಲೋಟದ ನೀರು ನಡುಗೋ ಜಾಗ ನೆನಪಿದೆಯಲ್ಲ? ಕಾರಿನೊಳಗೆ ಎರಡು ಲೋಟ, ನೀರಿನ ಮೇಲೆ ದುಂಡಗೆ ಅಲೆ, ಆಮೇಲೆ ದೂರದಿಂದ ಧಡ್ ಧಡ್. ಇಡೀ ಥಿಯೇಟರು ಉಸಿರು ಬಿಗಿ ಹಿಡಿದು ಕೂತಿದ್ದಾಗ ಅಜ್ಜಿ ಜೋರಾಗಿ, "ಬೋರ್‌ವೆಲ್ ಲಾರಿ ಬಂತು ಅಂತ ಕಾಣುತ್ತೆ" ಅಂದುಬಿಟ್ಟರು. ಸುತ್ತ ನಾಲ್ಕು ಸಾಲು ಗೊಳ್ಳೆಂದಿತು. ಅದರ ಗುಟ್ಟು ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. ಲೋಟದ ಕೆಳಗೆ ಗಿಟಾರ್ ತಂತಿ ಕಟ್ಟಿ, ಒಬ್ಬ ಕೆಳಗೆ ಮಲಗಿಕೊಂಡು ಅದನ್ನ ಮೀಟುತ್ತಿದ್ದನಂತೆ. ಅಷ್ಟು ದೊಡ್ಡ ಪ್ರಾಣಿ ಬರೋ ಸುದ್ದಿಯನ್ನ ಒಂದು ತಂತಿ ಹೇಳಿತು ನೋಡಿ!

ಆ ದೊಡ್ಡ ಪ್ರಾಣಿಯ ಪಾಡು ಇನ್ನೂ ತಮಾಷೆ. ಟಿ ರೆಕ್ಸ್‌ನ ಯಂತ್ರದ ಬೊಂಬೆ ಮಾಡಿದ್ದರಲ್ಲ, ಅದರ ಮೈ ಫೋಮ್ ರಬ್ಬರಿನದು. ಮಳೆ ದೃಶ್ಯ ತೆಗೆಯುವಾಗ ಸ್ಪಂಜಿನ ಹಾಗೆ ನೀರು ಕುಡಿದು, ಭಾರ ಜಾಸ್ತಿಯಾಗಿ ಗಡಗಡ ನಡುಗೋದಂತೆ. ಶಾಟು ಶಾಟಿನ ನಡುವೆ ಜನ ಟವೆಲ್ ಹಿಡಿದು ಅದರ ಮೈ ಒರೆಸಬೇಕಾಗಿತ್ತು. ಜಗತ್ತನ್ನೇ ಹೆದರಿಸಿದ ಪ್ರಾಣಿಗೆ ಎಣ್ಣೆ ನೀರು ಹಾಕಿದ ಮಗುವಿನ ಉಪಚಾರ! ಬಾಣಂತನ ಮಾಡಿದ ನಮ್ಮತ್ತೆಗೆ ಇದನ್ನ ಹೇಳಿದೆ. "ಸಾಂಬ್ರಾಣಿ ಹೊಗೆ ಹಾಕಬೇಕಿತ್ತು, ನೆಗಡಿ ಆಗ್ತಿರಲಿಲ್ಲ" ಅಂದರು.

ಸದ್ದಿನ ವಿಷಯವೂ ಒಂದಿದೆ. ರ‍್ಯಾಪ್ಟರುಗಳು ಕೂಗಾಡುತ್ತವಲ್ಲ, ಆ ಸದ್ದಿನಲ್ಲಿ ಒಂದು ಪಾಲು ಆಮೆಗಳದ್ದು. ಆಮೆಗಳು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದವು ಅನ್ನೋದನ್ನ ಮೇಷ್ಟ್ರಿಗೆ ಕಾಂಪೌಂಡಿನ ಆಚೆಗೆ ಕೂಗಿ ಹೇಳೋಕಾಗುತ್ತಾ? ಸಂಸಾರಸ್ಥ ಆಮೆಗಳು ಅಂತ ಇಟ್ಟುಕೊಳ್ಳಿ. ಇನ್ನು ನಿಜವಾದ ವೆಲಾಸಿರ‍್ಯಾಪ್ಟರ್ ಟರ್ಕಿ ಕೋಳಿಯಷ್ಟೇ ಗಾತ್ರದ್ದು, ಮೈಮೇಲೆ ಪುಕ್ಕ ಬೇರೆ. ನಮ್ಮೂರಿನ ನಾಯಿಗಳೇ ಅಟ್ಟಿಸಿಕೊಂಡು ಹೋಗುತ್ತಿದ್ದವೇನೋ.

ಅಜ್ಜಿ ಪೂರಾ ಮಾತಿಗಿಳಿದದ್ದು ಅಡುಗೆಮನೆ ದೃಶ್ಯಕ್ಕೆ. ಅಕ್ಕ ತಮ್ಮ ಇಬ್ಬರೂ ದೊಡ್ಡ ಅಡುಗೆಮನೇಲಿ ಬಚ್ಚಿಟ್ಟುಕೊಂಡಿದ್ದಾರೆ, ರ‍್ಯಾಪ್ಟರು ಬಾಗಿಲ ಹಿಡಿ ತಿರುಗಿಸಿ ಒಳಗೆ ಬರುತ್ತೆ. "ಮೇಲಿನ ಚಿಲಕ ಹಾಕೋದಲ್ವೇನೇ!" ಅಂದರು ಅಜ್ಜಿ. ಸೌಟು ಠಣ್ ಅಂತ ಬಿದ್ದಾಗ, "ಹೇಳಿದ್ದೆ, ಸೌಟು ಹೀಗೆ ನೇತುಹಾಕಬೇಡಿ ಅಂತ." ಕೊನೆಗೆ ಆ ಪ್ರಾಣಿ ಹುಡುಗಿಯ ಮೇಲೆ ಹಾರಿದೆ ಅಂದುಕೊಂಡು ಸ್ಟೀಲ್ ಕಪಾಟಿನಲ್ಲಿ ಕಂಡ ಅವಳ ಪ್ರತಿಬಿಂಬಕ್ಕೆ ಢೀ ಹೊಡೆಯುತ್ತಲ್ಲ, ಆಗ ಅಜ್ಜಿ ಸಾಲಾಗಿ ಕೂತಿದ್ದ ಮೂವರು ಸೊಸೆಯರ ಕಡೆ ತಿರುಗಿ, "ಪಾತ್ರೆ ಹೀಗೆ ಬೆಳಗಬೇಕು ಕಣ್ರೇ" ಅಂದರು. ನಮ್ಮಮ್ಮ ಆ ಸಿನಿಮಾವನ್ನ ಇವತ್ತಿನವರೆಗೂ ಕ್ಷಮಿಸಿಲ್ಲ.

ಗಡಿಯಾರ ಹಿಡಿದು ನೋಡಿದರೆ ಎರಡು ಗಂಟೆ ಏಳು ನಿಮಿಷದ ಆ ಚಿತ್ರದಲ್ಲಿ ಡೈನೋಸಾರುಗಳು ಕಾಣಿಸೋದು ಹೆಚ್ಚುಕಮ್ಮಿ ಹದಿನೈದು ನಿಮಿಷ. ಉಳಿದದ್ದೆಲ್ಲ ಲೋಟ, ಬೇಲಿ, ಮಳೆ, ಮಕ್ಕಳ ಮುಖ. ಮಧ್ಯೆ ಅಷ್ಟು ಜಾಗ ಬಿಟ್ಟದ್ದಕ್ಕೇ ಅಲ್ವಾ ಅಜ್ಜಿಗೆ ಮಾತಾಡೋಕೆ ಪುರಸೊತ್ತು ಸಿಕ್ಕಿದ್ದು? ಈಗಿನ ಸಿನಿಮಾಗಳಲ್ಲಿ ಮೊದಲ ರೀಲಿನಿಂದಲೇ ನಲವತ್ತು ಪ್ರಾಣಿ ಒಟ್ಟಿಗೆ ನುಗ್ಗುತ್ತವೆ. ಯಾವುದನ್ನ ಬೈಯೋದು?

"ಹಾವಿಂದು ಒಂದಿತ್ತಲ್ರೀ, ಟೋಪಿಯವನು?" ಅಂದರು ಮೇಷ್ಟ್ರು. ಇಂಡಿಯಾನಾ ಜೋನ್ಸ್! 1981ರ ಮೊದಲ ಚಿತ್ರದಲ್ಲಿ ಅವನು ಹಾವಿನ ಗುಂಡಿಗೆ ಇಳಿಯುತ್ತಾನಲ್ಲ, ತಂದಿದ್ದ ಹಾವು ಸಾಲದೆ ಇನ್ನಷ್ಟು ತರಿಸಿದರಂತೆ, ಅದೂ ಸಾಲದೆ ರಬ್ಬರ್ ಪೈಪು ಕತ್ತರಿಸಿ ಹರಡಿದರಂತೆ. ನಾನು ಇದನ್ನ ಹೇಳುವಾಗ ಮೇಷ್ಟ್ರ ಕೈಯಲ್ಲಿದ್ದ ಪೈಪು ನಮ್ಮ ತುಳಸಿಕಟ್ಟೆ ಹತ್ತಿರ ಹೆಡೆ ಎತ್ತಿತ್ತು. ನಾಗರಹಾವು ಎದುರಿಗೆ ಬಂದಾಗ ನಾಯಕನಿಗೂ ಅದಕ್ಕೂ ನಡುವೆ ಗಾಜು ಇಟ್ಟಿದ್ದರು. ಹಳೇ ಪ್ರತಿಗಳಲ್ಲಿ ಹಾವಿನ ನೆರಳು ಗಾಜಿನ ಮೇಲೆ ಕಾಣುತ್ತೆ, ನನ್ನ ತಮ್ಮ ಕ್ಯಾಸೆಟ್ ನಿಲ್ಲಿಸಿ ನಿಲ್ಲಿಸಿ ತೋರಿಸ್ತಿದ್ದ. ಅಜ್ಜಿಗೆ ಗಾಜೂ ಬೇಡ, ನೆರಳೂ ಬೇಡ. ಹೆಡೆ ಕಂಡದ್ದೇ ತಡ ಎರಡೂ ಕೈ ಮುಗಿದು, "ಹೋಗಪ್ಪಾ, ನಿನ್ನ ದಾರಿ ನೀನು ನೋಡ್ಕೋ, ಅವನಿಗೆ ಗೊತ್ತಾಗಲ್ಲ" ಅಂದರು.

ಅದರ ಎರಡನೇ ಭಾಗ ಮಾತ್ರ ಬೇಡ ಅಂದೆ ಮೇಷ್ಟ್ರಿಗೆ. 1984ರ ಟೆಂಪಲ್ ಆಫ್ ಡೂಮ್. ಕಥೆ ನಡೆಯೋದು ನಮ್ಮ ದೇಶದಲ್ಲಿ ಅಂತ, ಆದರೆ ಇಲ್ಲಿ ಅನುಮತಿ ಸಿಗದೆ ಶ್ರೀಲಂಕಾದ ಕ್ಯಾಂಡಿ ಕಡೆ ತೆಗೆದದ್ದು. ಅರಮನೆ ಊಟದಲ್ಲಿ ಕಣ್ಣುಗುಡ್ಡೆ ಸಾರು, ಕೋತಿಯ ಮಿದುಳು! ಯಾವ ಛತ್ರದಲ್ಲಿ ಬಡಿಸಿದರೋ ಆ ಊಟ. ತಲೆ ಬೋಳಿಸಿಕೊಂಡು ಎದೆ ಬಗೆದು ಗುಂಡಿಗೆ ಕೀಳೋ ಪೂಜಾರಿ ಅಮರೀಶ್ ಪುರಿ. ನಮ್ಮ ಕಾರ್ನಾಡರ 'ಕಾಡು' ಚಿತ್ರದಲ್ಲಿದ್ದರಲ್ಲ, ಅದೇ ಪುಣ್ಯಾತ್ಮರು. ಅಮೆರಿಕದ ಅಪ್ಪ ಅಮ್ಮಂದಿರೇ ಗಲಾಟೆ ಎಬ್ಬಿಸಿ, ಅದೇ ವರ್ಷ ಅಲ್ಲಿ ಹದಿಮೂರು ವರ್ಷದ ಗಡಿಯ ಹೊಸ ದರ್ಜೆಯೊಂದು ಹುಟ್ಟಿಕೊಂಡಿತು. ನಮ್ಮ ಯುಎ ಅದಕ್ಕಿಂತ ಒಂದು ವರ್ಷ ಹಿರಿಯ, 1983ರದ್ದು. ಅಜ್ಜಿ ಆ ಸಿನಿಮಾಕ್ಕೆ ಬೈಯಲೂ ಇಲ್ಲ, ನಿದ್ದೆ ಮಾಡಲೂ ಇಲ್ಲ. ಎದ್ದು ಹೋಗಿ ಬಚ್ಚಲಲ್ಲಿ ಕಾಲು ತೊಳೆದುಕೊಂಡು ಬಂದರು. ಅಷ್ಟೇ ತೀರ್ಪು.

"ನಮ್ಮದೇ ಇಲ್ವೇನ್ರೀ?" ಅಂತ ಮೇಷ್ಟ್ರು ಸ್ವಲ್ಪ ಮುನಿಸಿಕೊಂಡರು. 1973ರ ಗಂಧದ ಗುಡಿ ಇದ್ದೇ ಇದೆ, ಅದನ್ನ ಅವರಿಗೆ ನಾನು ಹೇಳಬೇಕಾ? ಆದರೆ ನನಗೆ ನೆನಪಾದದ್ದು ಬೇರೆ. ಕಬಿನಿ ಹತ್ತಿರದ ಕಾರಾಪುರ ಇದೆಯಲ್ಲ, ಸಫಾರಿ ಜೀಪು ಹತ್ತೋ ಜಾಗ, ಅಲ್ಲಿ 1924ರಲ್ಲಿ ಹುಟ್ಟಿದ ಮಾವುತರ ಮನೆಯ ಹುಡುಗ ಸಾಬು. ರಾಬರ್ಟ್ ಫ್ಲಾಹರ್ಟಿ ಕಡೆಯವರು ಎಲಿಫೆಂಟ್ ಬಾಯ್ ತೆಗೆಯೋಕೆ ಮೈಸೂರು ಸೀಮೆಗೆ ಬಂದವರು ಇವನನ್ನ ಕಂಡು ನಾಯಕನನ್ನಾಗಿ ಮಾಡಿದರು. 1937ಕ್ಕೆ ಅದು ತೆರೆಗೆ ಬಂತು. ಹುಡುಗ ಇಂಗ್ಲೆಂಡಿಗೆ ಹೋದ, 1940ರಲ್ಲಿ ಬಾಗ್ದಾದಿನ ಕಳ್ಳನಾದ, 1942ರಲ್ಲಿ ಹಾಲಿವುಡ್ಡಿನ ಮೋಗ್ಲಿಯಾದ, ಆಮೇಲೆ ಅಮೆರಿಕದ ಯುದ್ಧವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದು ಪದಕವನ್ನೂ ತಂದ. ಮೂವತ್ತೊಂಬತ್ತಕ್ಕೇ ಹೋಗಿಬಿಟ್ಟ, ಪಾಪ. ನಾನು ಎರಡು ಸಲ ಕಬಿನಿಗೆ ಹೋಗಿದ್ದೀನಿ. ಎಲ್ಲರೂ ಹುಲಿ ಕಂಡಿತಾ, ಚಿರತೆ ಕಂಡಿತಾ ಅಂದರೇ ಹೊರತು ಈ ಹುಡುಗನ ಹೆಸರು ಒಬ್ಬರೂ ಎತ್ತಲಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹುಡುಗನ ಕಥೆ ಊಟದ ಹೊತ್ತಿಗೆ ನಾನೇ ಮಕ್ಕಳಿಗೆ ಹೇಳ್ತೀನಿ, ಸಿನಿಮಾ ಡೈನೋಸಾರಿಂದೇ ಇರಲಿ" ಅಂತ ತೀರ್ಮಾನ ಮಾಡಿ ಹೋಗಿ ನಲ್ಲಿ ನಿಲ್ಲಿಸಿದರು. ನಮ್ಮ ಅಂಗಳ ಅಷ್ಟರಲ್ಲಿ ಕೆರೆಯಾಗಿತ್ತು.

ಭಾನುವಾರ ಸಂಜೆ ಆರಕ್ಕೆ ಅವರ ಮನೇಲಿ ಶುರು, ಹಪ್ಪಳ ನಮ್ಮ ಮನೆಯದು. ನೀವೂ ಬನ್ನಿ. ಅಡುಗೆಮನೆ ದೃಶ್ಯ ಬರೋದು ಕೊನೆ ಕೊನೆಗೆ, ಸ್ವಲ್ಪ ತಡವಾದರೂ ಪರವಾಗಿಲ್ಲ.